ಮುಗಿಸದೆ ಕೈ ಎತ್ತಿದ ಮಾಲ್‌ಸುನಕ್ಕ

ನನಗೆ ಪಿಯಾನೋ ನುಡಿಸಲು ಬರುವುದು ಒಟ್ಟು ಅರ್ಧ ನಿಮಿಷ. ಅಷ್ಟರಲ್ಲೇ ಮೂವತ್ತು ವರ್ಷ ಸಂಸಾರ ನಡೆಸಿದ್ದೇನೆ.

ಗಂಗ್ಯೊಂಗ್ ಪೇಟೆಯ ಹಳೆಯ ದೋಣಿಕಟ್ಟೆಯ ಬೀದಿಯಲ್ಲಿ ಬಳಸಿದ ಪಿಯಾನೋಗಳನ್ನು ಕೊಂಡು ಮಾರುವ ಅಂಗಡಿ ನನ್ನದು. ಎಡಕ್ಕೆ, ಬಲಕ್ಕೆ, ಎದುರಿಗೆ ಎಲ್ಲ ಕಡೆಯೂ ಉಪ್ಪುಮೀನಿನ ಅಂಗಡಿಗಳು. ಪಿಯಾನೋದ ಮುಚ್ಚಳ ತೆರೆದರೆ ಒಳಗಿನಿಂದ ಉಪ್ಪುಸೀಗಡಿಯ ವಾಸನೆ ಬರುತ್ತದೆಂದು ಪರವೂರಿನ ಗಿರಾಕಿಗಳು ದೂರುವುದುಂಟು. ಬರುತ್ತದೆ, ಸುಳ್ಳಲ್ಲ. ಗಿರಾಕಿ ಹಾಗೆ ಮೂಗು ಮುರಿದ ಕೂಡಲೇ ನಾನು ಸ್ಟೂಲು ಎಳೆದು ಕೂತು ನನ್ನ ಅರ್ಧ ನಿಮಿಷವನ್ನು ಬಿಚ್ಚುತ್ತೇನೆ. ಅದರಲ್ಲಿ ರಾಗವಿಲ್ಲ, ಹಾಡಿಲ್ಲ. ಎರಡು ಕೈ ತುಂಬ ಸ್ವರಗಳನ್ನು ಗೊಂಚಲು ಗೊಂಚಲಾಗಿ ಒತ್ತುತ್ತಾ, ಒಂದು ಗೊಂಚಲಿನಿಂದ ಇನ್ನೊಂದಕ್ಕೆ ಮೆಲ್ಲಗೆ ಸರಿಯುತ್ತಾ ಹೋಗುವುದು, ಅಷ್ಟೆ. ಕಲಿತವರು ಅದನ್ನು ಕಾರ್ಡ್ ಎನ್ನುತ್ತಾರೆ. ನಾನು ಗೊಂಚಲು ಎನ್ನುತ್ತೇನೆ, ದ್ರಾಕ್ಷಿಯ ಹಾಗೆ ಅದನ್ನು ಎತ್ತಿ ತೋರಿಸಿಯೇ ವ್ಯಾಪಾರ ಮಾಡುವುದರಿಂದ. ಒಟ್ಟು ಹದಿನಾರು ಗೊಂಚಲು. ಶ್ರುತಿ ಕೆಟ್ಟ ತಂತಿ ಆ ಗುಂಪಿನಲ್ಲಿ ತಲೆ ತಗ್ಗಿಸಿ ಅಡಗಿಕೊಳ್ಳುತ್ತದೆ. ಗಿರಾಕಿಗೆ ತನ್ನ ಮನೆಯ ಹಜಾರವೇ ದೊಡ್ಡದಾದಂತೆ ಅನ್ನಿಸುತ್ತದೆ. ಹದಿನೇಳನೆಯದನ್ನು ಯಾರಾದರೂ ಕೇಳಿದರೆ ಆ ಹೊತ್ತಿಗೆ ಸರಿಯಾಗಿ ನನಗೊಂದು ಫೋನ್ ಬರುತ್ತದೆ.

ಈ ಅರ್ಧ ನಿಮಿಷವನ್ನು ನನ್ನಿಂದ ಕಿತ್ತುಕೊಂಡು ಹೋಗಿ ಅದನ್ನು ಇಡೀ ಒಂದು ದಿನ ಮಾಡಿದವಳು ಮಾಲ್‌ಸುನಕ್ಕ.

ಬಾಂಗ್ ಮಾಲ್‌ಸುನ್ ಅವಳ ಪೂರ್ತಿ ಹೆಸರು. ನಮ್ಮ ಭಾಷೆಯಲ್ಲಿ ಮಾಲ್ ಎಂದರೆ ಕೊನೆ. ನಾಲ್ಕನೆಯದೂ ಹೆಣ್ಣಾದಾಗ ಇನ್ನು ಸಾಕು ಎಂದು ಅಪ್ಪ ಇಟ್ಟ ಹೆಸರು. ಅದಾದ ಮೇಲೂ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಹೆಸರು ಇಡುವುದರಿಂದ ಯಾವುದೂ ಮುಗಿಯುವುದಿಲ್ಲ ಎಂದು ಆ ಮನೆಯವರಿಗೆ ಹಾಗೆ ಗೊತ್ತಾಯಿತು. ಹನ್ನೆರಡನೆಯ ವಯಸ್ಸಿಗೆ, ಕಾಲು ನೆಲಕ್ಕೆ ಸರಿಯಾಗಿ ಎಟುಕದ ಪ್ರಾಯದಲ್ಲಿ, ಏರಿಯ ಮೇಲಿನ ನಮ್ಮ ಚರ್ಚಿನಲ್ಲಿ ಕಾಲಿನಿಂದ ಗಾಳಿ ತುಂಬುವ ಹಾರ್ಮೋನಿಯಂ ತುಳಿಯಲು ಕೂತಳು. ಅಲ್ಲಿಂದ ಆ ಜಾಗ ಬಿಟ್ಟು ಎದ್ದಿದ್ದು ಎರಡು ಹೆರಿಗೆಗೆ ಮಾತ್ರ. ಮದುವೆಯಾದ ಮೇಲೆ ಮಾವನ ಉಪ್ಪುಸೀಗಡಿ ಅಂಗಡಿಯನ್ನು ನಡೆಸಿಕೊಂಡು ಬಂದಿದ್ದಾಳೆ. ಗಂಡ ಅಂಗಡಿಯಲ್ಲಿ ಕೂತಿರುತ್ತಾನೆ. ರುಚಿ ನೋಡಿ ಸೀಗಡಿ ಯಾವ ತಿಂಗಳಿನದೆಂದು ಹೇಳುವವಳು ಅವಳು. ಉಪ್ಪಿನಲ್ಲಿ ಕೈಯಾಡಿಸಿ ಬೆರಳ ತುದಿಯೆಲ್ಲ ಸೀಳಿರುತ್ತದೆ. ಚರ್ಚಿನ ಪಿಯಾನೋದ ಬಿಳಿ ಮನೆಗಳ ಮೇಲೆ ಉಪ್ಪಿನ ಗೀರುಗಳನ್ನು ನಾನೇ ಎಷ್ಟೋ ಸಲ ಒರೆಸಿದ್ದೇನೆ.

ಕೀರ್ತನೆ ಪುಸ್ತಕದಲ್ಲಿ ಐನೂರಕ್ಕೂ ಮಿಕ್ಕಿ ಕೀರ್ತನೆಗಳಿವೆ. ಅಷ್ಟನ್ನೂ ಅವಳು ಅಚ್ಚಾದ ಹಾಗೆ, ಒಂದು ಸ್ವರ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ನುಡಿಸುತ್ತಾಳೆ. ನಾಲ್ಕು ಚರಣ, ಕೊನೆಗೆ ಆಮೆನ್. ಆ ಆಮೆನ್‌ನ ಎರಡು ಗೊಂಚಲುಗಳನ್ನು ಅವಳು ಒತ್ತಿದಳೆಂದರೆ ನಿದ್ದೆ ಮಾಡುವವರು ಕೂಡ ಎಚ್ಚರಗೊಂಡು ಚಪ್ಪಲಿ ಹುಡುಕುತ್ತಾರೆ. ಐವತ್ತು ವರ್ಷದ ಅಭ್ಯಾಸ, ಅವಳಿಗೂ, ಊರಿಗೂ.

ಎಡವಟ್ಟಾದದ್ದು ಅಲ್ಲಿಂದಲೇ.

ಆ ವರ್ಷ ನಮಗೆ ಹೊಸ ಪಾಸ್ಟರ್ ಬಂದರು. ನಾಮ್‌ಗುಂಗ್ ಎಂದು, ಇನ್ನೂ ನಲವತ್ತು ದಾಟದವರು. ಕಾಲೇಜು ಪ್ರವೇಶ ಪರೀಕ್ಷೆಗೆ ನಲವತ್ತು ದಿನ ಇದೆ ಎನ್ನುವಾಗ ತಾಯಂದಿರ ಬೆಳಗಿನ ಪ್ರಾರ್ಥನೆ ಶುರುವಾಗುವುದು ಎಲ್ಲ ವರ್ಷದಂತೆಯೇ. ಐದು ಗಂಟೆಗೆ ಬಂದು, ಪಾಸ್ಟರ್ "ಕರ್ತನೇ" ಎಂದು ಮೂರು ಸಲ ಕೂಗಿಸಿದ ಮೇಲೆ, ಎಲ್ಲರೂ ಒಟ್ಟಿಗೆ ತಂತಮ್ಮ ಅಹವಾಲನ್ನು ಗಟ್ಟಿಯಾಗಿ ಹೇಳಿಕೊಳ್ಳುವುದು. ಹಳೆಯ ಪಾಸ್ಟರ್ ಕಾಲದಲ್ಲಿ ಅದಕ್ಕೆ ವಾದ್ಯ ಇರಲಿಲ್ಲ. ಸಾಕು ಅನ್ನಿಸಿದಾಗ ಗಂಟೆ ಬಾರಿಸುತ್ತಿದ್ದರು. ಹೊಸಬರು, "ಅಮ್ಮಾ, ಪ್ರಾರ್ಥನೆ ನಡೆಯೋವಷ್ಟು ಹೊತ್ತೂ ಕೆಳಗಡೆಯಿಂದ ಮೆತ್ತಗೆ ಪಿಯಾನೋ ಬರ್ತಾ ಇರ್ಲಿ" ಎಂದರು.

ಮಾಲ್‌ಸುನಕ್ಕ ತನಗೆ ಗೊತ್ತಿದ್ದ ಮೆತ್ತನೆಯ ಕೀರ್ತನೆ ತೆಗೆದಳು. ಎರಡನೆಯ ಸಾಲಿಗೆ ಮುಂದಿನ ಬೆಂಚಿನವರು ಹಾಡತೊಡಗಿದರು. ನಾಲ್ಕನೆಯ ಸಾಲಿಗೆ ಎಲ್ಲರೂ ಹಾಡುತ್ತಿದ್ದರು. ಚರಣ ಮುಗಿದು ಆಮೆನ್ ಬಿತ್ತು. ನಲವತ್ತು ಜನ ಕಣ್ಣು ಬಿಟ್ಟರು, ಅರ್ಧ ಜನ ಎದ್ದರು. ಪ್ರಾರ್ಥನೆ ಶುರುವಾಗಿ ಮೂರು ನಿಮಿಷವೂ ಆಗಿರಲಿಲ್ಲ.

"ಅಯ್ಯೋ, ನಾನಿನ್ನೂ ನಮ್ ದಾಯುನ್‌ದು ಗಣಿತಕ್ಕೇ ಬಂದಿರ್ಲಿಲ್ಲ!" ಎಂದು ಹಿಂದಿನಿಂದ ಒಬ್ಬಳು ಕೂಗಿದಳು. ಮಗಳನ್ನು ಎರಡನೆಯ ಸಲ ಪರೀಕ್ಷೆಗೆ ಕೂರಿಸುತ್ತಿದ್ದ ದಾಯುನ್ ಅಮ್ಮ. ಮಾಲ್‌ಸುನಕ್ಕನ ಎದುರು ಅಂಗಡಿಯವಳು.

ಮಾರನೆಯ ದಿನವೂ ಅದೇ. ಕೈ ತಾನಾಗಿ ಆಮೆನ್‌ಗೆ ಹೋಗುತ್ತದೆ, ಜನ ತಾವಾಗಿ ಏಳುತ್ತಾರೆ.

ಆ ಮಧ್ಯಾಹ್ನ ದೋ ಎಂಬ ಹೆಸರಿನ ಹಿರಿಯರೊಬ್ಬರು ನನ್ನ ಅಂಗಡಿಗೆ ಬಂದರು. ಅಕ್ಕಿ ಗಿರಣಿಯವರು, ಸಭೆಯ ಹಿರಿಯರು, ಪ್ರಸಂಗದ ನಡುವೆ ಸರಿಯಾಗಿ ಏಳು ಸಲ ಕೆಮ್ಮುವವರು. ಅವರ ಮೊಮ್ಮಗನೂ ಆ ವರ್ಷ ಪರೀಕ್ಷೆಗೆ ಕೂರುವವನಿದ್ದ.

"ಯೂಕ್ ಅವ್ರೇ, ಆ ಕೀರ್ತನೆ ಪೆಟ್ಟಿಗೆ ಅಂತ ಬರತ್ತಂತಲ್ಲ. ನಂಬರ್ ಒತ್ತಿದ್ರೆ ತಾನೇ ನುಡಿಸತ್ತಂತೆ. ಒಂದು ತರಿಸಿ."

"ಮಾಲ್‌ಸುನಕ್ಕ ಇದ್ದಾರಲ್ಲ ಹಿರಿಯರೇ."

"ಇದ್ದಾಳೆ, ಯಾರು ಇಲ್ಲ ಅಂದ್ರು? ಅವಳು ಆಮೆನ್ ಹೊಡ್ದಾಗೆಲ್ಲ ನನ್ ಮೊಮ್ಮಗನ ಪ್ರಾರ್ಥನೆ ಅರ್ಧಕ್ಕೇ ನಿಲ್ತಾ ಇದೆ. ಅರ್ಧ ಪ್ರಾರ್ಥನೆಗೆ ಅರ್ಧ ಅಂಕ ಬಂದ್ರೆ ಯಾರು ಹೊಣೆ?"

ನಾನು ವ್ಯಾಪಾರಿ. ಆರ್ಡರ್ ಬರೆದುಕೊಂಡೆ.

ಸುದ್ದಿ ನನಗಿಂತ ಮೊದಲು ಬೀದಿ ದಾಟಿತ್ತು. ಸಂಜೆಯೊಳಗೆ ಮಾಲ್‌ಸುನಕ್ಕ ರಬ್ಬರ್ ಬೂಟಿನಲ್ಲೇ ಬಂದು ಬಾಗಿಲಲ್ಲಿ ನಿಂತಳು.

"ಆ ಪೆಟ್ಟಿಗೆ ಎಷ್ಟು ದಿನಕ್ಕೆ ಬರತ್ತೆ ಯೂಕ್?"

"ಯಾವ ಪೆಟ್ಟಿಗೆ ಅಕ್ಕಾ?"

"ನಾಟಕ ಆಡ್ಬೇಡ. ನಾನು ವಾಸನೆ ನೋಡಿ ತಿಂಗಳು ಹೇಳೋಳು."

"ಹತ್ತು ದಿನ ಆಗ್ಬಹುದು," ಎಂದೆ.

"ಆಗ್ಲಿ, ನಿನ್ ವ್ಯಾಪಾರ ನಿಂಗೆ. ಪಾಸ್ಟರ್ ಹತ್ರ ಮಾತಾಡ್ಕೊಂಡೇ ಬಂದೆ. ಪರೀಕ್ಷೆ ದಿನ ಬೆಳಗ್ಗೆಯಿಂದ ಸಾಯಂಕಾಲದ ತನಕ ಚರ್ಚಲ್ಲಿ ಪ್ರಾರ್ಥನೆ ಇಡ್ತಾರಂತೆ. ಅವತ್ತು ನಾನು ಒಂದ್ಸಲಾನೂ ಜನರನ್ನ ಎಬ್ಬಿಸದೆ ನುಡಿಸಿದ್ರೆ ಸ್ಟೂಲು ನಂದೇ. ಎಬ್ಬಿಸಿದ್ರೆ ಆ ಕ್ಷಣದಿಂದ ಪೆಟ್ಟಿಗೆ. ಆಮೇಲೂ ಪೆಟ್ಟಿಗೇನೇ. ಅಲ್ಲೀತನಕ ಬೆಳಗ್ಗೆ ಹಳೇ ಗಂಟೇನೇ." ಇಷ್ಟನ್ನು ಸೀಗಡಿಯ ತೂಕ ಹೇಳಿದಷ್ಟೇ ಸಲೀಸಾಗಿ ಹೇಳಿದಳು. ಬೂಟಿನ ತುದಿ ಮಾತ್ರ ನೆಲ ಕೆರೆಯುತ್ತಿತ್ತು. "ಈಗ ನನ್ ಸಾಮಾನು ಕೊಡು, ಹೋಗ್ತೀನಿ."

"ನಿಮ್ ಸಾಮಾನು?"

"ಇಪ್ಪತ್ತೆರಡು ವರ್ಷದ ಹಿಂದೆ ಚರ್ಚಿಗೆ ಪಿಯಾನೋ ಮಾರಿದ್ಯಲ್ಲ, ಅವತ್ತು ನುಡಿಸಿ ತೋರಿಸ್ದೆ. ಆರು ಜನ ಹೆಂಗಸ್ರು ಬಾಯಿ ಬಿಟ್ಕೊಂಡು ನಿಂತ್ವಿ. ಪಿಯಾನೋ ಬಂತು, ಆ ಸದ್ದು ಮಾತ್ರ ಬರ್ಲೇ ಇಲ್ಲ. ನಾನು ಎಷ್ಟು ಹುಡುಕಿದ್ರೂ ಅದರೊಳಗೆ ಇಲ್ಲ. ಮರ ಮಾರಿ ಸದ್ದು ನೀನೇ ಇಟ್ಕೊಂಡೆ. ಕೊಡು ಇಲ್ಲಿ."

ಸ್ಟೂಲು ಅವಳ ಕಡೆ ತಳ್ಳಿದೆ.

ಕಲಿಸಲು ನನಗೇನೂ ಗೊತ್ತಿರಲಿಲ್ಲ. ಬೆರಳಿಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಮೊದಲ ದಿನ ಅವಳು ನನ್ನ ಗೊಂಚಲನ್ನು ನೋಡಿದ ಹಾಗೆ ಒತ್ತಿದಳು. ಎಡಗೈಯಲ್ಲಿ ಸ, ಗ, ಪ ಮೂರನ್ನೂ ಒತ್ತೊತ್ತಾಗಿ ಕೆಳಗಿನ ಮಂದ್ರದಲ್ಲಿ ಹಿಡಿದಳು. ಬಲಗೈಯಲ್ಲಿ ಅದನ್ನೇ ಮೇಲೆ. ಹೊರಟಿದ್ದು ಗೊಜ್ಜು. ಹುಣಸೆಯನ್ನು ಕಿವುಚಿದಂಥ ಸದ್ದು.

"ನಿಂದು ಹಿಂಗಿಲ್ವಲ್ಲ!" ಎಂದಳು.

"ಎಡಗೈಲಿ ನಡುವಿನ ಸ್ವರ ಬಿಡಿ ಅಕ್ಕಾ. ಸ, ಪ ಅಷ್ಟೇ ಹಿಡೀರಿ. ಆ ಗ ಇದ್ಯಲ್ಲ, ಅದನ್ನ ಇನ್ನೂ ಮೇಲೆ ಒಯ್ದು ಹೆಬ್ಬೆರಳಿಗೆ ಕೊಡಿ."

"ಯಾಕೆ?"

"ಚೆನ್ನಾಗಿ ಕೇಳತ್ತೆ."

"ಚೆನ್ನಾಗಿ ಕೇಳತ್ತೆ ಅಂತ ಗೊತ್ತು, ಅದಕ್ಕೇ ಅಲ್ವೇ ಬಂದಿದ್ದು! ಯಾಕೆ ಚೆನ್ನಾಗಿ ಕೇಳತ್ತೆ?"

ಅವಳು ಎದ್ದು, ಕೇಳದೆ ಮಾಡದೆ, ಪಿಯಾನೋದ ಮುಂದಿನ ಕೆಳಹಲಗೆಯನ್ನು ಕಳಚಿ ನೆಲದ ಮೇಲೆ ಕೂತಳು. ಕನ್ನಡಕ ಹಣೆಗೆ ಏರಿಸಿ ತಂತಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಮೇಲಿನವು ಕೂದಲಿನಷ್ಟು ಸಣ್ಣ. ಕೆಳಗಿನವು ತಾಮ್ರ ಸುತ್ತಿದ ಕಿರುಬೆರಳು ಗಾತ್ರದವು. ಒಂದನ್ನು ಮೀಟಿ, ಕಿವಿಯನ್ನು ಮರಕ್ಕೆ ಅಂಟಿಸಿ, ಅದು ಪೂರ್ತಿ ಸಾಯುವ ತನಕ ಕೇಳಿದಳು. ಅಷ್ಟರಲ್ಲಿ ಒಬ್ಬ ಗಿರಾಕಿ ಬಂದು, ಪಿಯಾನೋದೊಳಗೆ ತಲೆ ಇಟ್ಟ ಮುದುಕಿಯನ್ನು ಕಂಡು, ಹಾಗೇ ಹಿಂದಿರುಗಿ ಹೋದ.

"ಯೂಕ್, ಇದರೊಳಗೆ ಒಂದು ಸದ್ದಲ್ಲ, ಹಿಂದೆ ಹಿಂದೆ ಎಷ್ಟೊಂದು ಮರಿ ಸದ್ದಿವೆ! ಕೇಳಿದ್ಯಾ ಯಾವತ್ತಾದ್ರೂ?"

"ಇಲ್ಲ."

"ಇಷ್ಟು ವರ್ಷ ಮಾರಿದ್ದು ಏನನ್ನ ಮತ್ತೆ? ಇದು ಏಡಿ ಇದ್ದ ಹಾಗೆ. ದೊಡ್ಡ ಏಡಿ ಮೂರನ್ನ ಒಂದೇ ಬೋಗುಣಿಗೆ ಹಾಕಿದ್ರೆ ಕಾಲಿಗೆ ಕಾಲು ಸಿಕ್ಕಿ ಮುರ್ಕೊಳ್ತವೆ. ಸೀಗಡಿಯಾದ್ರೆ ನೂರು ತುಂಬ್ಸು, ಏನೂ ಆಗಲ್ಲ. ಕೆಳಗಡೆ ಏಡಿ, ಮೇಲ್ಗಡೆ ಸೀಗಡಿ. ಅಷ್ಟೇ ತಾನೇ?"

ಅಷ್ಟೇ. ಮೂವತ್ತು ವರ್ಷ ನನ್ನ ಕೈ ಮಾಡುತ್ತಿದ್ದದ್ದು ಏನೆಂದು ಅವತ್ತು ನನಗೆ ತಿಳಿಯಿತು. ನಾಚಿಕೆಯಾಗಲಿಲ್ಲ ಎನ್ನಲಾರೆ.

ಅವಳ ಅಂಗೈ ಚಿಕ್ಕದು. ಕೆಳಗಿನ ಸ ಮತ್ತು ಮೇಲಿನ ಗ ಎರಡನ್ನೂ ಒಂದೇ ಸಲ ಹಿಡಿಯಲು ನನ್ನ ಕೈಗೆ ಮಾತ್ರ ಸಾಧ್ಯ. ಅವಳು ಎರಡು ದಿನ ಬೆರಳು ಹಿಗ್ಗಿಸಿ ನೋಡಿದಳು, ಸೀಳಿದ ತುದಿಗಳಿಂದ ರಕ್ತ ಬಂದಿತು. ಮೂರನೆಯ ದಿನ ಮೊದಲು ಕೆಳಗಿನ ಸ ಮುಟ್ಟಿ, ಪೆಡಲ್ ಒತ್ತಿ ಅದನ್ನು ಬದುಕಿಸಿಟ್ಟು, ಕೈ ಎತ್ತಿ ಮೇಲೆ ಹೋಗಿ ಪ, ಗ ಹಿಡಿದಳು. ಹಾರ್ಮೋನಿಯಂ ಕಲಿತವಳಿಗೆ ಪೆಡಲ್ ಎಂದರೆ ಗಾಳಿ ತುಂಬುವ ಹಲಗೆ. ಇಪ್ಪತ್ತೆರಡು ವರ್ಷ ಪಿಯಾನೋದ ಪೆಡಲನ್ನು ಮುಟ್ಟಿರಲೇ ಇಲ್ಲ. ಈಗ ಕಾಲು ಎತ್ತುವುದನ್ನೇ ಮರೆತು ಹಳೆಯ ಗೊಂಚಲಿನ ಮೇಲೆ ಹೊಸದನ್ನು ಸುರಿಯತೊಡಗಿದಳು. ಮತ್ತೆ ಗೊಜ್ಜು.

"ಕಾಲು, ಅಕ್ಕಾ, ಕಾಲು! ಹೊಸದು ಮುಟ್ಟಿದ ಕೂಡ್ಲೆ ಹಳೇದನ್ನ ಬಿಡಿ."

"ಬಿಡ್ತೀನಿ ಇರು ಮಾರಾಯ. ಇದ್ದದ್ದನ್ನ ಬಿಡೋದು ಅಷ್ಟು ಸುಲಭವಾ?"

ಬಲಗೈಗೆ ನನಗೆ ತಿಳಿದಿದ್ದ ಉಪಾಯ ಒಂದೇ, ಸೋಮಾರಿತನ. ಒಂದು ಗೊಂಚಲಿನಿಂದ ಇನ್ನೊಂದಕ್ಕೆ ಹೋಗುವಾಗ ಹಾರಬಾರದು. ಎರಡಕ್ಕೂ ಸೇರಿದ ಸ್ವರ ಯಾವುದಿದೆಯೋ ಆ ಬೆರಳು ಅಲ್ಲೇ ಕೂತಿರಲಿ, ಉಳಿದವು ಪಕ್ಕದ ಮನೆಗೆ ಜರುಗಲಿ. ಸ ಗ ಪ ದಿಂದ ಮ ಧ ಸ ಕ್ಕೆ ಹೋಗಬೇಕೇ? ಸ ಕದಲುವುದು ಬೇಡ. ಗ ಒಂದು ಮೆಟ್ಟಿಲು ಹತ್ತಿ ಮ ಆಗುತ್ತದೆ, ಪ ಒಂದು ಮೆಟ್ಟಿಲು ಹತ್ತಿ ಧ ಆಗುತ್ತದೆ. ಇದನ್ನು ತೋರಿಸಿದಾಗ ಅವಳು ತಾನೇ ಎರಡು ಸಲ ಮಾಡಿ ನೋಡಿದಳು. ಆಮೇಲೆ ಕೀರ್ತನೆ ಪುಸ್ತಕ ತೆಗೆದು, ಹಾಳೆ ಮೇಲೆ ಹಾಳೆ ತಿರುವಿ, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ನೋಡಿದಳು.

"ಇಲ್ಲೂ ಅದೇ ಇದೆ. ಇಲ್ಲೂ. ಐವತ್ತು ವರ್ಷ ಈ ಗೊಂಚಲುಗಳ ಮೇಲೇ ಕೂತಿದ್ದೆ, ಕೆಳಗೆ ನೋಡ್ಲೇ ಇಲ್ಲ."

ಅಂದರೆ ನನ್ನ ಹದಿನಾರಕ್ಕೆ ಅವಳು ಕಾಯಬೇಕಿರಲಿಲ್ಲ. ಯಾವ ಕೀರ್ತನೆಯನ್ನಾದರೂ ತೆಗೆದು ಮೇಲಿನ ರಾಗವನ್ನು ಸುಲಿದು ಎಸೆದರೆ ಕೆಳಗೆ ದಾರಿ ಬಿದ್ದಿರುತ್ತಿತ್ತು. ವಾರದೊಳಗೆ ಅವಳಲ್ಲಿ ಮುನ್ನೂರು ಗೊಂಚಲಿತ್ತು. ನನ್ನಲ್ಲಿ ಹದಿನಾರೇ.

ಆದರೆ ರಾಗ ಅಷ್ಟು ಸುಲಭಕ್ಕೆ ಸುಲಿಯುವ ಸಿಪ್ಪೆಯಲ್ಲ. ಒಂದು ದಿನ ಅವಳು ನುಡಿಸುತ್ತಿದ್ದಾಗ ದಾಯುನ್ ಅಮ್ಮ, "ಅಕ್ಕಾ, ನಿಮ್ಮೆಜಮಾನ್ರು ಕೂಗ್ತಾ ಇದ್ದಾರೆ, ಗಿರಾಕಿ ಬಂದಿದ್ದಾರೆ," ಎನ್ನುತ್ತಾ ಒಳಗೆ ಬಂದಳು. ಹೇಳಿ, ಹಿಂದಿರುಗಿ ಹೋಗುತ್ತಾ, ಬಾಗಿಲಲ್ಲಿ ಗುನುಗತೊಡಗಿದಳು. ಕಾಣಿಕೆ ಎತ್ತುವಾಗ ಹಾಡುವ ಕೀರ್ತನೆ.

ಮಾಲ್‌ಸುನಕ್ಕ ಕೈ ತೆಗೆದಳು. "ಏ ದಾಯುನ್ ಅಮ್ಮ! ಅದನ್ಯಾಕೆ ಹಾಡ್ತಿದ್ದೀಯ?"

"ನೀವೇ ನುಡಿಸ್ತಾ ಇದ್ರಲ್ಲ!"

"ನಾನು ನುಡಿಸ್ಲಿಲ್ಲ!"

"ಬಾಯಿಗೆ ಬಂತು, ಹಾಡ್ದೆ. ನನ್ ಬಾಯಿಗೆ ನಾನು ಬಾಡಿಗೆ ಕೊಡ್ಬೇಕಾ?"

ಅವಳು ಹೋದ ಮೇಲೆ ಇಬ್ಬರೂ ಕೂತು ಎಲ್ಲಿ ಸೋರುತ್ತಿದೆ ಎಂದು ಹುಡುಕಿದೆವು. ಕೊನೆಗೆ ಅವಳೇ ಕಂಡುಹಿಡಿದಳು. ಬಲಗೈ ಕಿರುಬೆರಳು. ಗೊಂಚಲಿನಲ್ಲಿ ಎಷ್ಟೇ ಸ್ವರವಿರಲಿ, ಜನರ ಕಿವಿ ಹಿಡಿಯುವುದು ಎಲ್ಲಕ್ಕಿಂತ ಮೇಲಿನದನ್ನು. ಅವಳ ಕಿರುಬೆರಳು ಐವತ್ತು ವರ್ಷದ ಚಾಳಿಯಂತೆ ರಾಗದ ಸ್ವರವನ್ನೇ ಹುಡುಕಿ ತುದಿಗೆ ತಂದಿಡುತ್ತಿತ್ತು. ಅವಳು ಅದನ್ನು ಒಂದೇ ಸ್ವರದ ಮೇಲೆ ಕೂರಿಸಿ, ಉಳಿದೆಲ್ಲ ಕೆಳಗೆ ಚಲಿಸುವಂತೆ ಮಾಡಿದಳು. ಮರುದಿನ ದಾಯುನ್ ಅಮ್ಮನನ್ನು ಬೇಕೆಂದೇ ಕರೆಸಿ, ಕಾಫಿ ಕೊಟ್ಟು, ಅರ್ಧ ಗಂಟೆ ಕೂರಿಸಿಕೊಂಡೆವು. ಅವಳು ಗುನುಗಲಿಲ್ಲ. ಮಗಳ ಬಗ್ಗೆ ಮಾತಾಡುತ್ತಾ ಮಾತಾಡುತ್ತಾ ಅತ್ತಳು, ಯಾಕೆಂದು ತನಗೇ ಗೊತ್ತಿಲ್ಲ ಎಂದಳು. ನಾನು ಮತ್ತು ಮಾಲ್‌ಸುನಕ್ಕ ಕಳ್ಳರಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಉಳಿದಿದ್ದು ಆಮೆನ್ ಒಂದೇ. ಎಷ್ಟು ಸುತ್ತಿದರೂ ಅವಳ ಕೈ ಕೊನೆಗೆ ಸ ಕ್ಕೆ ಬಂದು ಇಳಿಯುತ್ತಿತ್ತು, ದನ ಸಂಜೆಗೆ ಕೊಟ್ಟಿಗೆಗೆ ಬಂದಂತೆ. ಇಲ್ಲಿ ಮಾತ್ರ ನನ್ನ ಕಸುಬು ಅವಳಿಗಿಂತ ಮುಂದಿತ್ತು.

"ಅಕ್ಕಾ, ಗಿರಾಕಿ ಹೊರಡ್ತೀನಿ ಅಂತ ಎದ್ದ ಅಂತಿಟ್ಕೊಳ್ಳಿ. ಬೇಡ ಅನ್ಬಾರ್ದು. ಬಾಗಿಲ ತನಕ ಹೋಗ್ಬೇಕು. ಬಾಗಿಲಿಗೆ ಕೈ ಹಾಕ್ಬೇಕು. ಆಗ, 'ಅಂದ ಹಾಗೆ ಒಳಗಡೆ ಇನ್ನೊಂದಿದೆ, ನೋಡ್ಬಿಡಿ' ಅನ್ಬೇಕು. ಪ ನಿ ರಿ ಬಾಗಿಲು. ಅಲ್ಲಿಂದ ಎಲ್ಲರೂ ಸ ಕ್ಕೆ ಇಳೀತೀವಿ ಅಂದ್ಕೊಂಡಿರ್ತಾರೆ. ನೀವು ಎಡಗೈನ ಸ ಕ್ಕೆ ಬಿಡ್ಬೇಡಿ, ಪಕ್ಕದ ಧ ಕ್ಕೆ ಇಡಿ."

ಅವಳು ಇಟ್ಟಳು. ಮುಗಿಯಬೇಕಿದ್ದದ್ದು ಮುಗಿಯದೆ, ಕತ್ತಲ ಕೋಣೆಯ ಬಾಗಿಲು ತೆರೆದಂತೆ ಆಯಿತು. ಮತ್ತೆ ಮಾಡಿದಳು. ಮತ್ತೆ.

"ಹೀಗೇ ಅಲ್ವಾ ಚರ್ಚಿನ ತಲೆಗೆ ಆ ಪಿಯಾನೋ ಕಟ್ಟಿದ್ದು ನೀನು?"

"ಹೂಂ."

"ಪಾಪಿ," ಎಂದು ನಕ್ಕು ಇನ್ನೊಮ್ಮೆ ನುಡಿಸಿದಳು.

ಅಷ್ಟರಲ್ಲಿ ಪೆಟ್ಟಿಗೆ ಬಂತು. ಒಂದು ಬೆಳಗಿನ ಪ್ರಾರ್ಥನೆಗೆ ಅದನ್ನು ಪರೀಕ್ಷಿಸಲಾಯಿತು. ದೋ ಹಿರಿಯರು ನಂಬರ್ ಒತ್ತಿದರು. ಡುಂ ಡುಂ ಎಂದು ಡೋಲಿನೊಂದಿಗೆ ಶುರುವಾಯಿತು, ಜನ ಹಾಡಿದರು, ನಾಲ್ಕು ಚರಣ ಆಯಿತು, ಆಮೆನ್ ಎಂದಿತು, ಜನ ಎದ್ದರು. ಮಾಲ್‌ಸುನಕ್ಕ ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದವಳು ಹೊರಗೆ ಬಂದು ನನಗೆ ಹೇಳಿದಳು: "ಅಯ್ಯೋ ಪಾಪ, ಅದಕ್ಕೂ ನನ್ ಕಾಯಿಲೇನೇ." ಡೋಲು ಆರಿಸುವ ಗುಂಡಿ ಎಲ್ಲಿದೆಯೋ ಸಿಗಲಿಲ್ಲವೆಂದೂ, ಮತ್ತೆ ಮತ್ತೆ ನುಡಿಸುವ ಗುಂಡಿ ಮಾತ್ರ ಸಿಕ್ಕಿದೆಯೆಂದೂ, ಪರೀಕ್ಷೆಯ ದಿನಕ್ಕೆ ಅಷ್ಟು ಸಾಕೆಂದೂ ಹಿರಿಯರು ಹೇಳಿದರು.

ಪರೀಕ್ಷೆಯ ದಿನ ಬಂತು. ಚಳಿಗಾಲಕ್ಕೆ ಕೋಸನ್ನು ಉಪ್ಪುಹಾಕಿ ಕಿಮ್ಚಿ ಮಾಡಿಡುವ ಕಾಲ. ಊರಿಗೆ ಊರೇ ಉಪ್ಪುಸೀಗಡಿಗೆ ಮುಗಿಬೀಳುವ ವಾರ. ಮಾಲ್‌ಸುನಕ್ಕ ಅಂಗಡಿಯನ್ನು ಗಂಡನಿಗೆ ಬಿಟ್ಟು ಬೆಳಗ್ಗೆಯೇ ಬಂದು ಕೂತಳು. ನಾನು ವರ್ಷಕ್ಕೆ ಎರಡು ಸಲ ಚರ್ಚಿಗೆ ಹೋಗುವವನು, ಅವತ್ತು ಮೊದಲೇ ಹೋಗಿ ಪಕ್ಕದ ಕಂಬಕ್ಕೆ ಒರಗಿದೆ. ಸ್ಪರ್ಧೆಗೆ ನಿಂತಿದ್ದ ಎರಡೂ ಸರಕು ನನ್ನ ಅಂಗಡಿಯವೇ. ಯಾವುದು ಗೆಲ್ಲುತ್ತದೆಂದು ನೋಡುವ ಕುತೂಹಲ ಯಾರಿಗಿರುವುದಿಲ್ಲ?

ಗೋಡೆಗೆ ಪರೀಕ್ಷೆಯ ವೇಳಾಪಟ್ಟಿ ಅಂಟಿಸಿದ್ದರು. ಎಂಟು ನಲವತ್ತಕ್ಕೆ ಅಲ್ಲಿ ನೊನ್ಸಾನ್ ಊರಿನ ಶಾಲೆಯಲ್ಲಿ ಮಕ್ಕಳಿಗೆ ಪ್ರಶ್ನೆಪತ್ರಿಕೆ ಕೊಟ್ಟಾಗ ಇಲ್ಲಿ "ಕರ್ತನೇ" ಎಂದು ಮೂರು ಸಲ ಕೂಗು ಎದ್ದಿತು. ಭಾಷೆಯ ಪತ್ರಿಕೆಗೆ ಭಾಷೆಯ ಪ್ರಾರ್ಥನೆ, ಗಣಿತಕ್ಕೆ ಗಣಿತದ್ದು. ನಲವತ್ತು ಬಾಯಿಗಳ ಗದ್ದಲದ ಕೆಳಗೆ ಮಾಲ್‌ಸುನಕ್ಕನ ಗೊಂಚಲುಗಳು ಹರಿಯುತ್ತಿದ್ದವು. ಪಿಯಾನೋ ಮರದ ಮೇಲೆ ಪೆಟ್ಟಿಗೆ, ಪೆಟ್ಟಿಗೆಯ ಪಕ್ಕ ದೋ ಹಿರಿಯರು, ಗುಂಡಿಯ ಮೇಲೆ ಹಿರಿಯರ ತೋರುಬೆರಳು. ಒಂದು ಕಣ್ಣು ಮುಚ್ಚಿ ಮೊಮ್ಮಗನಿಗೆ ಪ್ರಾರ್ಥಿಸುತ್ತಿದ್ದರು, ಇನ್ನೊಂದನ್ನು ತೆರೆದು ಅವಳ ಕೈ ನೋಡುತ್ತಿದ್ದರು.

ಮಧ್ಯಾಹ್ನದ ತನಕ ಯಾರೂ ಏಳಲಿಲ್ಲ, ಯಾರೂ ಹಾಡಲಿಲ್ಲ. ಅಲ್ಲಿ ಮಕ್ಕಳಿಗೆ ಊಟ ಬಿಟ್ಟಾಗ ಇಲ್ಲಿಯೂ ಕಿಂಬಾಪ್ ಎಂಬ ಅನ್ನದ ಸುರುಳಿ ಹಂಚಿದರು. ಮಾಲ್‌ಸುನಕ್ಕ ತಿನ್ನಲಿಲ್ಲ. ಬಿಸಿನೀರಿನ ಬೋಗುಣಿಯಲ್ಲಿ ಕೈ ಇಳಿಬಿಟ್ಟು ಕೂತಿದ್ದಳು.

ಒಂದು ಗಂಟೆಗೆ ಮತ್ತೆ ಶುರು. ಈಗ ಇಂಗ್ಲಿಷ್.

ಒಂದು ಹತ್ತಕ್ಕೆ ಯಾರೂ ಯೋಚಿಸದಿದ್ದದ್ದು ನಡೆಯಿತು. ಇಂಗ್ಲಿಷ್ ಪತ್ರಿಕೆ ಶುರುವಾಗುವುದೇ ಧ್ವನಿವರ್ಧಕದಲ್ಲಿ ಕೇಳಿಸಿಕೊಂಡು ಬರೆಯುವ ಪ್ರಶ್ನೆಗಳಿಂದ. ಆ ಹೊತ್ತಿಗೆ ದೇಶದಲ್ಲಿ ವಿಮಾನ ಇಳಿಯುವುದಿಲ್ಲ, ಏರುವುದಿಲ್ಲ. ಲಾರಿಯವರು ಹಾರ್ನ್ ಮುಟ್ಟುವುದಿಲ್ಲ. ಹಳೆಯ ಪಾಸ್ಟರ್ ಕಾಲದಲ್ಲಿ ಹಗಲು ಪ್ರಾರ್ಥನೆ ಇರಲಿಲ್ಲವಾದ್ದರಿಂದ ಆ ಹೊತ್ತಿನಲ್ಲಿ ಚರ್ಚು ಏನು ಮಾಡಬೇಕೆಂಬ ಪದ್ಧತಿಯೂ ನಮಗಿರಲಿಲ್ಲ. ಮೊದಲು ದಾಯುನ್ ಅಮ್ಮ ಗಡಿಯಾರ ನೋಡಿ ಬಾಯಿ ಮುಚ್ಚಿದಳು. ಪಕ್ಕದವಳು ಮುಚ್ಚಿದಳು. ಬೆಂಚಿನಿಂದ ಬೆಂಚಿಗೆ ಆ ಮೌನ ಹಬ್ಬಿತು. ಇಲ್ಲಿ ಗಟ್ಟಿಯಾಗಿ ಉಸಿರಾಡಿದರೆ ನೊನ್ಸಾನ್‌ನಲ್ಲಿ ಮಕ್ಕಳಿಗೆ ಒಂದು ಪದ ಕೇಳಿಸದೆ ಹೋಗಬಹುದು ಎಂಬಂತೆ ನಲವತ್ತು ಜನ ತಲೆ ತಗ್ಗಿಸಿ ಕೂತರು.

ಸದ್ದು ಉಳಿದಿದ್ದು ಪಿಯಾನೋದ್ದು ಮಾತ್ರ.

ಅವಳ ಕೈ ಆ ಕ್ಷಣ ಬಾಗಿಲಲ್ಲಿತ್ತು. ಪ ನಿ ರಿ. ನುಡಿಸುತ್ತಾ ಹೋದರೆ ಆ ಮೌನವನ್ನು ತುಳಿದಂತೆ. ಸ ಕ್ಕೆ ಇಳಿಸಿ ನಿಲ್ಲಿಸಿದರೆ ಆಮೆನ್ ಆಯಿತು, ಬೆಂಚು ಕಿರುಗುಟ್ಟಿ ಜನ ಏಳುತ್ತಾರೆ, ಸ್ಟೂಲು ಹೋಗುತ್ತದೆ. ನಾನು ಕಲಿಸಿದ ಉಪಾಯದಲ್ಲಿ ಬಾಗಿಲಲ್ಲಿ ನಿಲ್ಲುವುದು ಇರಲಿಲ್ಲ. ಬಾಗಿಲಲ್ಲಿ ನಿಂತ ಗಿರಾಕಿ ಹೋಗಿಬಿಡುತ್ತಾನೆ.

ಅವಳು ನಿಂತಳು. ಪೆಡಲ್ ಅದುಮಿ, ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಗೊಂಚಲು ಗಾಳಿಯಲ್ಲಿ ತೂಗುತ್ತಾ, ಮೊದಲು ಮೇಲಿನ ಸೀಗಡಿಗಳು, ಆಮೇಲೆ ಕೆಳಗಿನ ಏಡಿ, ಒಂದೊಂದಾಗಿ ಮಾಯವಾದವು. ಕಿವಿಯೊಳಗೆ ಮಾತ್ರ ಅದು ಹೋಗಲಿಲ್ಲ. ಬರಬೇಕಾದ ಸೀನು ಬಾರದೆ ಮೂಗಿನ ತುದಿಯಲ್ಲಿ ನಿಂತರೆ ಹೇಗಿರುತ್ತದೆ, ಹಾಗೆ. ಮುಗಿದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಒಬ್ಬರೂ ಏಳಲಿಲ್ಲ.

ದೋ ಹಿರಿಯರಿಗೆ ಮಾತ್ರ ಗುಂಡಿ ಒತ್ತುವ ಹೊತ್ತು ಬಂತೆಂದು ಅನ್ನಿಸಿತು, ಪಿಯಾನೋ ನಿಂತಿತ್ತಲ್ಲ. ಅವರ ಬೆರಳು ಗುಂಡಿಯ ಮೇಲೇ ಇತ್ತು. ಒತ್ತಿದರೆ ಡುಂ ಡುಂ. ಒತ್ತದೆ ಕೈ ಜಾರಿದರೂ ಡುಂ ಡುಂ. ಅವರ ಗಂಟಲಲ್ಲಿ ಕೆಮ್ಮು 'ಕು' ಎಂದು ತಲೆ ಎತ್ತಿ, ನುಂಗಿಸಿಕೊಂಡು ಕೆಳಗೆ ಹೋಯಿತು. ಕೊನೆಗೆ ಅವರು ಹಾವಿನ ಹೆಡೆಯಿಂದ ಕೈ ತೆಗೆದಂತೆ ಬೆರಳು ಹಿಂದೆಳೆದುಕೊಂಡು, ಕಾಲ ತುದಿಯಲ್ಲಿ ಗೋಡೆಯ ತನಕ ನಡೆದು, ಪೆಟ್ಟಿಗೆಯ ಪ್ಲಗ್ಗನ್ನು ತಾವೇ ಕಿತ್ತು ಕೈಯಲ್ಲಿ ಹಿಡಿದುಕೊಂಡು ನಿಂತರು. ಮೊಮ್ಮಗನ ಕಿವಿಗೆ ಅಡ್ಡಿ ಬರಬಾರದು, ಅಷ್ಟೆ.

ಇಪ್ಪತ್ತೈದು ನಿಮಿಷ. ನಾನು ಕಂಡ ಅತಿ ಉದ್ದದ ವ್ಯಾಪಾರ.

ಮುಳ್ಳು ಒಂದು ಮೂವತ್ತೈದು ದಾಟಿದಾಗ ದಾಯುನ್ ಅಮ್ಮ ಉಸಿರು ಬಿಟ್ಟಿದ್ದು ಕೇಳಿಸಿತು. ಮಾಲ್‌ಸುನಕ್ಕ ಕೈ ಎತ್ತಿ, ಎಡಗೈ ಕಿರುಬೆರಳನ್ನು ಸ ದ ಮೇಲೆ ಅಲ್ಲ, ಧ ದ ಮೇಲೆ ಇಟ್ಟಳು. ಉಳಿದ ಸ್ವರಗಳು ಮೇಲಿನಿಂದ ಬಂದು ಕೂತವು. ಅರ್ಧಕ್ಕೆ ನಿಂತಿದ್ದ ಮಾತನ್ನು ಅದೇ ಪದದಿಂದ ಎತ್ತಿಕೊಂಡಂತೆ. ಅನ್ನದ ಪಾತ್ರೆ ಉಕ್ಕಿದಂತೆ ಇಡೀ ಚರ್ಚು ಒಮ್ಮೆಲೇ ಬಾಯಿ ಬಿಟ್ಟಿತು. ಹಿರಿಯರು ಕೂಡಿಟ್ಟಿದ್ದ ಕೆಮ್ಮನ್ನೆಲ್ಲ ಆಗ ಕೆಮ್ಮಿದರು.

ಸಂಜೆ ಐದು ದಾಟಿ ಪಾಸ್ಟರ್ ತಲೆಯಾಡಿಸಿದ ಮೇಲೆ ಅವಳು ಸ ಕ್ಕೆ ಬಂದಳು. ಮ ಧ ಸ, ಅಲ್ಲಿಂದ ಸ ಗ ಪ. ದಿನವಿಡೀ ತಡೆಹಿಡಿದಿದ್ದ ಆಮೆನ್ ಎರಡು ಕೈ ತುಂಬ ಬಿತ್ತು. ನಲವತ್ತು ಜನ ಕಣ್ಣು ಬಿಟ್ಟು ಚಪ್ಪಲಿ ಹುಡುಕಿದರು.

ಪಾಸ್ಟರ್ ಪೆಟ್ಟಿಗೆಯ ಮಾತೇ ಎತ್ತಲಿಲ್ಲ. ದೋ ಹಿರಿಯರು ಪ್ಲಗ್ಗಿನ ವೈರನ್ನು ಸುತ್ತಿ ಸುತ್ತಿ ಚಿಕ್ಕದು ಮಾಡುತ್ತಾ ಸ್ಟೂಲಿನ ಹತ್ತಿರ ಬಂದರು.

"ಇದು ಇಲ್ಲೇ ಇರ್ಲಿ ಮಾಲ್‌ಸುನ್. ನಿಂಗೆ ನೆಗಡಿ ಗಿಗಡಿ ಬಂದ ದಿನಕ್ಕೆ ಬೇಕಾಗತ್ತೆ."

"ನಂಗೆಲ್ಲಿ ನೆಗಡಿ ಬರತ್ತೆ ಹಿರಿಯರೇ? ಉಪ್ಪಲ್ಲಿ ಇಟ್ಟಿದ್ದು ಕೆಡಲ್ಲ."

ಈಗ ಆ ಪೆಟ್ಟಿಗೆ ಚರ್ಚಿನ ಅಡುಗೆಮನೆಯ ಅಟ್ಟದ ಮೇಲಿದೆ. ಮಾಲ್‌ಸುನಕ್ಕ ಸ್ಟೂಲಿನ ಮೇಲಿದ್ದಾಳೆ. ಸುಮ್ಮನಿದ್ದಾಳೆಂದಲ್ಲ. ಮೊನ್ನೆ ಬಂದು, ಸ ಗ ಪ ಗೆ ರಿ ಒಂದನ್ನು ಸೇರಿಸಿದರೆ ಯಾಕೆ ಕಿಟಕಿ ತೆರೆದಂತೆ ಆಗುತ್ತದೆ ಎಂದು ಕೇಳಿದಳು. ಸರಿಯಾಗಿ ಆ ಹೊತ್ತಿಗೆ ನನಗೊಂದು ಫೋನ್ ಬಂತು.

ನನ್ನ ಅರ್ಧ ನಿಮಿಷಕ್ಕೆ ಆದ ಗತಿಯನ್ನೂ ಹೇಳಿಬಿಡುತ್ತೇನೆ. ಈಗ ಊರಿನವರು ಯಾರಾದರೂ ಪಿಯಾನೋ ನೋಡಲು ಬಂದಾಗ ನಾನು ಕೂತು ಗೊಂಚಲು ಬಿಚ್ಚಿದರೆ, ಮೂರನೆಯದಕ್ಕೆ ಅವರ ತಲೆ ತಗ್ಗುತ್ತದೆ, ಕೈ ಕೂಡುತ್ತದೆ, ಕಣ್ಣು ಮುಚ್ಚುತ್ತದೆ. ಕೆಲವರು ಮಗನ ಹೆಸರನ್ನೂ ಮೆಲ್ಲಗೆ ಹೇಳುತ್ತಾರೆ. ಮೊದಮೊದಲು ನನಗೆ ಮುಜುಗರವಾಗಿತ್ತು. ಆಮೇಲೆ ಯೋಚಿಸಿದೆ: ಕಣ್ಣು ಮುಚ್ಚಿದ ಗಿರಾಕಿಗೆ ಮರದ ಮೇಲಿನ ಗೀರು ಕಾಣುವುದಿಲ್ಲ. ಹದಿನಾರನೆಯದರಲ್ಲಿ ಸ ಕ್ಕೆ ಇಳಿಯದೆ ನಿಂತುಬಿಟ್ಟರೆ ಅವರು ಏಳುವುದೂ ಇಲ್ಲ.